ಕಾರ್ಡಿನ ಶಕ್ತಿ ಇಳಿಸಿದಾಗ ಸಿಕ್ಕ ಸುಳಿವು

ಫೋಟೊ ತಿದ್ದುವ ಲೈಟ್‌ರೂಮ್ ತಂತ್ರಾಂಶದಲ್ಲಿ ಡಿನಾಯ್ಸ್ (ಚಿತ್ರದಲ್ಲಿ ಮೂಡುವ ಕಾಳುಕಾಳು ಚುಕ್ಕೆಗಳನ್ನು ತೆಗೆಯುವ ಸೌಲಭ್ಯ) ಓಡುವಾಗ ಪರದೆ ಕಪ್ಪಾಗುತ್ತಿದ್ದ ತೊಂದರೆಯ ಮೂಲ ಹುಡುಕಲು, ಹೊಸ ಗ್ರಾಫಿಕ್ಸ್ ಕಾರ್ಡಿನ ಶಕ್ತಿಯನ್ನೇ ಇಳಿಸಿ ನೋಡುತ್ತೇನೆಂದು ನಾನು ಹೇಳಿದಾಗ, ದಾವಣಗೆರೆಯಲ್ಲಿ ನನ್ನಂತೆಯೇ ಮದುವೆ ಫೋಟೊಗ್ರಫಿ ಮಾಡುವ ಗೆಳೆಯರು ನಕ್ಕಿದ್ದರು. ವೇಗ ಬೇಕೆಂದು 27,000 ರೂಪಾಯಿ ಸುರಿದು ತಂದ ಕಾರ್ಡಿಗೆ ಕಡಿವಾಣ ಹಾಕುವುದು ಯಾವ ಜಾಣತನ ಎಂಬುದು ಅವರ ಪ್ರಶ್ನೆಯಾಗಿತ್ತು. ಅದಾದ ಮೇಲೆ ಅದೇ ಯಂತ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮದುವೆಗಳ ಕೆಲಸ ಮುಗಿದಿದೆ, ಒಮ್ಮೆಯೂ ಅದು ಕೈಕೊಟ್ಟಿಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಮೊದಲು ನನ್ನಲ್ಲಿದ್ದುದು 4 ಜಿಬಿಯ ಜಿಟಿಎಕ್ಸ್ 1050 ಟಿಐ. ಆಲ್ಬಮ್ ಡಿಸೈನಿಗೆ ಅದು ಸಾಕಾಗಿತ್ತು; 12×36 ಅಂಗುಲದ ಶೀಟು 300 ಡಿಪಿಐಯಲ್ಲಿ 10,800×3,600 ಪಿಕ್ಸೆಲ್ ಆದರೂ ಫೋಟೋಶಾಪಿನಲ್ಲಿ ಅದು ಅಷ್ಟಾಗಿ ತಿಣುಕುತ್ತಿರಲಿಲ್ಲ. ಆದರೆ ಛತ್ರದ ಮಂದ ಬೆಳಕಿನಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ತೋರುವ ಸೂಕ್ಷ್ಮತೆ) 6400 ಇಟ್ಟು ತೆಗೆದ ಆರತಕ್ಷತೆಯ ಚಿತ್ರಗಳಿಗೆ ಡಿನಾಯ್ಸ್ ಇಲ್ಲದೆ ಆಗುವುದಿಲ್ಲ, ಮತ್ತು 24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲಿಗೆ (ಕ್ಯಾಮೆರಾ ಕೊಡುವ ಸಂಸ್ಕರಿಸದ ಮೂಲ ಚಿತ್ರಕ್ಕೆ) ಹಳೆಯ ಕಾರ್ಡು ನಾಲ್ಕೈದು ನಿಮಿಷ ತೆಗೆದುಕೊಳ್ಳುತ್ತಿತ್ತು. ಇನ್ನೂರು ಚಿತ್ರಗಳೆಂದರೆ ಇಡೀ ರಾತ್ರಿಯ ಜೊತೆಗೆ ಮರುದಿನದ ಅರ್ಧ ಹಗಲೂ ಅದಕ್ಕೇ ಹೋಗುತ್ತಿತ್ತು. ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 12 ಜಿಬಿಯ ಆರ್‌ಟಿಎಕ್ಸ್ 3060 ತಂದೆ.

ಹಳೆಯ ಕಾರ್ಡು ಮದರ್‌ಬೋರ್ಡಿನ ಸ್ಲಾಟ್ ಕೊಡುವ 75 ವಾಟ್‌ಗಳಲ್ಲೇ ಬದುಕುತ್ತಿತ್ತು, ಅದಕ್ಕೆ ಬೇರೆ ತಂತಿಯೇ ಬೇಕಿರಲಿಲ್ಲ. ಹೊಸದು ಸುಮಾರು 170 ವಾಟ್ ಎಳೆಯುತ್ತದೆ ಮತ್ತು ಎಂಟು ಪಿನ್ನಿನ ತಂತಿ ಕೇಳುತ್ತದೆ. ನನ್ನ 450 ವಾಟಿನ ಹಳೆಯ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆಯಲ್ಲಿ) ಆ ತಂತಿ ಇರಲಿಲ್ಲ. ಹಾರ್ಡ್ ಡಿಸ್ಕಿನಂಥವಕ್ಕೆ ವಿದ್ಯುತ್ ಕೊಡುವ ನಾಲ್ಕು ಪಿನ್ನಿನ ಮೋಲೆಕ್ಸ್ ಎರಡನ್ನು ಸೇರಿಸಿ ಎಂಟು ಪಿನ್ ಮಾಡಿಕೊಡುವ ಕನ್ವರ್ಟರ್ ಒಂದನ್ನು ಅಂಗಡಿಯವರು 250 ರೂಪಾಯಿಗೆ ಕೊಟ್ಟರು, ನಾನೂ ಎರಡನೆಯ ಯೋಚನೆಯಿಲ್ಲದೆ ಹಾಕಿದೆ. ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿರುವ ನಾನು ಇಷ್ಟೊಂದು ಎಚ್ಚರ ತಪ್ಪಬಾರದಿತ್ತು.

ಮೊದಲ ಎರಡು ದಿನ ಎಲ್ಲವೂ ಚೆನ್ನಾಗಿಯೇ ಇತ್ತು. ಫೋಟೋಶಾಪ್ ಸಲೀಸಾಗಿ ಓಡಿತು, ಒಂದೊಂದೇ ಚಿತ್ರವನ್ನು ಡಿನಾಯ್ಸ್ ಮಾಡಿದಾಗಲೂ ಇಪ್ಪತ್ತು ಇಪ್ಪತ್ತೈದು ಸೆಕೆಂಡಿನಲ್ಲಿ ಮುಗಿಯಿತು. ಮೂರನೆಯ ದಿನ ಅರವತ್ತು ಚಿತ್ರಗಳನ್ನು ಒಟ್ಟಿಗೆ ಕೊಟ್ಟಾಗ ಹನ್ನೊಂದನೆಯದಕ್ಕೋ ಹನ್ನೆರಡನೆಯದಕ್ಕೋ ಪರದೆ ಕಪ್ಪಾಗಿ, ಮರಳಿ ಬಂದಾಗ ಲೈಟ್‌ರೂಮ್ ಮುಚ್ಚಿಹೋಗಿತ್ತು. ಅಲ್ಲಿಂದ ಮುಂದೆ ದಿನಕ್ಕೆ ನಾಲ್ಕಾರು ಬಾರಿ ಇದೇ ಆಯಿತು.

ಎಲ್ಲರೂ ಮಾಡುವುದನ್ನು ನಾನೂ ಮಾಡಿದೆ. ಪ್ರಿಫರೆನ್ಸ್ ಅಳಿಸಿದೆ, ಕ್ಯಾಶ್ ಖಾಲಿ ಮಾಡಿದೆ, ಇಂಟರ್ನೆಟ್ ತಂತಿ ಕಿತ್ತು ಸೇಫ್ ಮೋಡಿನಲ್ಲಿ ಡಿಡಿಯು ಎಂಬ ತಂತ್ರಾಂಶ ಓಡಿಸಿ ಹಳೆಯ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶವನ್ನು) ಬೇರುಸಹಿತ ತೆಗೆದು, ಗೇಮಿಂಗಿನದರ ಬದಲು ಸ್ಟುಡಿಯೊ ಡ್ರೈವರ್ ಹಾಕಿದೆ. ಡ್ರೈವರ್ ಬದಲಾದ ಮೇಲೆ ಫೋಟೋಶಾಪ್ ತೆರೆಯುವ ವೇಗ ಹೆಚ್ಚಿತೇ ಹೊರತು ಪರದೆ ಕಪ್ಪಾಗುವುದು ನಿಲ್ಲಲಿಲ್ಲ. ನಂತರ ಬಂದ ಟೆಕ್ನಿಷಿಯನ್ 800 ರೂಪಾಯಿ ಪಡೆದು ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟರು. ಆ ಗಡಿಬಿಡಿಯಲ್ಲಿ ನನ್ನ ಬ್ರಷ್‌ಗಳು ಮತ್ತು ಹಲವು ವರ್ಷ ಕೂಡಿಸಿದ್ದ ಆಕ್ಷನ್‌ಗಳು (ಫೋಟೋಶಾಪಿನಲ್ಲಿ ದಾಖಲಿಸಿಟ್ಟ ಕೆಲಸದ ಹಂತಗಳು) ಹೋದವು, ತೊಂದರೆ ಮಾತ್ರ ಉಳಿಯಿತು. ಕಾರ್ಡೇ ಹಾಳು, ವಾಪಸು ಕೊಡಿ ಎಂಬ ಮಾತು ಆಗ ಗೆಳೆಯರಲ್ಲಿ ಗಟ್ಟಿಯಾಯಿತು.

ವಿಂಡೋಸಿನ ದೋಷಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದಾಗ ಪ್ರತಿ ಬಾರಿಯೂ 4101 ಎಂಬ ಸಂಖ್ಯೆ ಕಂಡಿತು. ಡಿಸ್‌ಪ್ಲೇ ಡ್ರೈವರ್ ಉತ್ತರ ಕೊಡದೆ ನಿಂತು ಮತ್ತೆ ಚೇತರಿಸಿಕೊಂಡಿತು ಎಂಬುದು ಅದರ ಅರ್ಥ. ಗ್ರಾಫಿಕ್ಸ್ ಕಾರ್ಡು 2 ಸೆಕೆಂಡಿನೊಳಗೆ ಉತ್ತರಿಸದಿದ್ದರೆ ವಿಂಡೋಸ್ ಅದನ್ನು ಮರುಚಾಲನೆ ಮಾಡುತ್ತದೆ, ಆ ಅವಧಿಯನ್ನು ವಿಂಡೋಸಿನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಟಿಡಿಆರ್‌ಡಿಲೇ ಎಂಬ ಹೆಸರಿನಲ್ಲಿ ಹಿಗ್ಗಿಸಬಹುದು. ನಾನು 10 ಸೆಕೆಂಡ್ ಮಾಡಿದೆ. ಫಲವೆಂದರೆ ಪರದೆ ಮೊದಲು ಹತ್ತು ಸೆಕೆಂಡ್ ಹೆಪ್ಪುಗಟ್ಟಿ ಆಮೇಲೆ ಕಪ್ಪಾಗತೊಡಗಿತು, ಮತ್ತು ಒಂದು ಸಲ ಕಂಪ್ಯೂಟರೇ ತಾನಾಗಿ ರೀಸ್ಟಾರ್ಟ್ ಆಗಿ 41ನೆಯ ಸಂಖ್ಯೆಯ ಕರ್ನಲ್ ಪವರ್ ದಾಖಲೆ ಬಿಟ್ಟಿತು (ಯಂತ್ರ ಸರಿಯಾಗಿ ಮುಚ್ಚದೆ ನಿಂತುಹೋಯಿತು, ವಿದ್ಯುತ್ ತಪ್ಪಿದ್ದೂ ಕಾರಣವಿರಬಹುದು ಎಂಬುದು ಅದರ ಅರ್ಥ). ಕಾರ್ಡು ನಿಧಾನವಾಗಿದ್ದರೆ ಹೆಚ್ಚಿನ ಸಮಯ ಅದಕ್ಕೆ ನೆರವಾಗಬೇಕಿತ್ತು, ಆಗಲಿಲ್ಲ. ಬದಲಾವಣೆಯನ್ನು ಹಿಂತೆಗೆದುಕೊಂಡೆ, ಆದರೆ ಆ 41 ತಲೆಯಲ್ಲಿ ಕುಳಿತಿತು. ಡಿನಾಯ್ಸ್ ಓಡುವಾಗಲೆಲ್ಲ ನನ್ನ 600 ವಿಎ ಯುಪಿಎಸ್ ಬೀಪ್ ಮಾಡುತ್ತಿದ್ದುದೂ ಆಗಲೇ ನೆನಪಾಯಿತು. ಇಷ್ಟು ದಿನ ಅದನ್ನು ಬ್ಯಾಟರಿ ಹಳೆಯದಾಯಿತೆಂದು ಕಡೆಗಣಿಸಿದ್ದೆ.

ಕಾರ್ಡಿನ ವೇಗ, ಶಕ್ತಿಗಳನ್ನು ಹೊಂದಿಸುವ ಆಫ್ಟರ್‌ಬರ್ನರ್ ತಂತ್ರಾಂಶ ಹಾಕಿ ಕಾರ್ಡಿನ ಪವರ್ ಮಿತಿಯನ್ನು ಮೂರನೆಯ ಎರಡು ಭಾಗಕ್ಕೆ, ಅಂದರೆ ಸುಮಾರು 110 ವಾಟಿಗೆ ಇಳಿಸಿದ್ದು ಆಮೇಲೆ. ಅದೇ ಅರವತ್ತು ಚಿತ್ರಗಳನ್ನು ಮತ್ತೆ ಕೊಟ್ಟೆ. ಒಂದಕ್ಕೆ ಮೂವತ್ತು ಸೆಕೆಂಡಿನ ಆಸುಪಾಸು ಹಿಡಿಯಿತು, ಆದರೆ ಅರವತ್ತೂ ಮುಗಿದವು. ಮಿತಿಯನ್ನು ಹತ್ತತ್ತು ಶೇಕಡಾದಂತೆ ಏರಿಸುತ್ತ ಹೋದಾಗ ಒಂದು ಹಂತದಲ್ಲಿ ಪರದೆ ಕಪ್ಪಾಯಿತು, ಅದಕ್ಕಿಂತ ಕೆಳಗೆ ಒಮ್ಮೆಯೂ ಆಗಲಿಲ್ಲ. ಮೂರು ಸಲ ಮಾಡಿ ನೋಡಿದರೂ ಸುಮಾರಾಗಿ ಅದೇ ಜಾಗ. ಕಾರ್ಡು, ಡ್ರೈವರ್, ಲೈಟ್‌ರೂಮ್ ಮೂರೂ ನಿರಪರಾಧಿಗಳು, ಕಾರ್ಡಿಗೆ ವಿದ್ಯುತ್ ತಲುಪುವ ದಾರಿಯಲ್ಲೇ ದೋಷವಿದೆ ಎಂದು ನನಗೆ ಅಲ್ಲಿಗೆ ಖಚಿತವಾಯಿತು.

ಕ್ಯಾಬಿನೆಟ್ ಬಿಚ್ಚಿ ಆ ಕನ್ವರ್ಟರ್ ಕಿತ್ತಾಗ ಒಂದು ಮೋಲೆಕ್ಸ್‌ನ ಹಳದಿ ತಂತಿಯ ಬುಡದಲ್ಲಿ ಪ್ಲಾಸ್ಟಿಕ್ ಕಂದಾಗಿತ್ತು, ಮೂಗಿಗೆ ಸುಟ್ಟ ವಾಸನೆ ಬಡಿಯಿತು. ನಿಜವಾದ ಎಂಟು ಪಿನ್ನಿನಲ್ಲಿ 12 ವೋಲ್ಟ್ ಹೊರುವ ತಂತಿಗಳು ಮೂರು ಇರುತ್ತವೆ ಮತ್ತು ಅದನ್ನು 150 ವಾಟ್‌ಗೆಂದು ಮಾಡಿರುತ್ತಾರೆ. ಮೋಲೆಕ್ಸ್ ಒಂದರಲ್ಲಿ ಇರುವುದು ಅಂಥ ಒಂದೇ ತಂತಿ, ಸಾಲದ್ದಕ್ಕೆ ನಾನು ಎರಡೂ ಮೋಲೆಕ್ಸ್‌ಗಳನ್ನು ಹಾರ್ಡ್ ಡಿಸ್ಕಿಗೆ ಹೋಗುವ ಒಂದೇ ಸಾಲಿನಿಂದ ತೆಗೆದುಕೊಂಡಿದ್ದೆ. ಸುಮಾರು 5,200 ರೂಪಾಯಿ ಕೊಟ್ಟು 650 ವಾಟಿನ ಬ್ರಾಂಝ್ ದರ್ಜೆಯ ಎಸ್‌ಎಂಪಿಎಸ್ ಹಾಕಿದೆ, ಯುಪಿಎಸ್ಸನ್ನು ಐದಾರು ಸಾವಿರಕ್ಕೆ 1,100 ವಿಎಗೆ ಏರಿಸಿದೆ. ಪವರ್ ಮಿತಿಯನ್ನು ಮತ್ತೆ ನೂರಕ್ಕೆ ತಂದರೂ 4101 ತಲೆ ಹಾಕಲಿಲ್ಲ. ಆದರೂ ಬೇಸಿಗೆಯಲ್ಲಿ ರಾತ್ರಿ ಬಿಟ್ಟುಹೋಗುವ ಕೆಲಸಗಳಿಗೆ ನಾನು 80ರಲ್ಲೇ ಇಡುತ್ತೇನೆ. ವೇಗದ ನಷ್ಟ ಒಂದು ಚಿತ್ರಕ್ಕೆ ಎರಡು ಮೂರು ಸೆಕೆಂಡ್ ಮಾತ್ರ, ಫ್ಯಾನಿನ ಗದ್ದಲ ಮಾತ್ರ ಅರ್ಧಕ್ಕರ್ಧ ಇಳಿಯುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಲೆಕ್ಕ ಹಗುರವಾಗುತ್ತಿತ್ತು. ನನ್ನ ಮಾನಿಟರ್ ಹಳೆಯ ಕಾರ್ಡಿಗೆ ಡಿವಿಐ ತಂತಿಯಿಂದ ಕೂಡಿತ್ತು, ಹೊಸ ಕಾರ್ಡಿನಲ್ಲಿ ಡಿವಿಐ ಇಲ್ಲದ ಕಾರಣ ಎಚ್‌ಡಿಎಂಐ ಹಾಕಿದ್ದೆ. ಅಂದಿನಿಂದ ಚಿತ್ರಗಳು ಸ್ವಲ್ಪ ಬೂದಿ ಬಳಿದಂತೆ ಕಾಣುತ್ತಿದ್ದವು, ಕ್ರ್ಯಾಶಿನ ಚಿಂತೆಯಲ್ಲಿ ನಾನು ಅದನ್ನು ಗಮನಿಸದೆ ನೆರಳನ್ನು ಗಾಢಗೊಳಿಸುತ್ತ ಹೋದೆ. ಲ್ಯಾಬಿನಿಂದ ಆಲ್ಬಮ್ ಬಂದಾಗ ಧಾರೆ ಸೀರೆಯ ಕಡುಗೆಂಪು ಅಂಚು ಕಪ್ಪಾಗಿತ್ತು, ವರನ ಕೂದಲು ಹಿನ್ನೆಲೆಯಲ್ಲಿ ಕರಗಿಹೋಗಿತ್ತು. ಲ್ಯಾಬಿನವರ ಮೇಲೆ ಫೋನಿನಲ್ಲಿ ಹಾರಾಡಿದೆ, ಆಮೇಲೆ ಕ್ಷಮೆಯನ್ನೂ ಕೇಳಬೇಕಾಯಿತು. ಡ್ರೈವರಿನ ಕಂಟ್ರೋಲ್ ಪ್ಯಾನಲ್ ನೋಡಿದಾಗ ಔಟ್‌ಪುಟ್ ಡೈನಾಮಿಕ್ ರೇಂಜ್ ಲಿಮಿಟೆಡ್ ಎಂದಿತ್ತು. ಅಂದರೆ ಕಾರ್ಡು ಟಿವಿಗೆ ಕಳಿಸುವಂತೆ 16ರಿಂದ 235ರವರೆಗಿನ ಮಟ್ಟಗಳನ್ನಷ್ಟೇ ಕಳಿಸುತ್ತಿತ್ತು, 0ಯಿಂದ 255ನ್ನು ನಿರೀಕ್ಷಿಸುವ ಮಾನಿಟರಿನಲ್ಲಿ ಕಪ್ಪು ಬೂದಾಗಿ ಕಾಣುತ್ತಿತ್ತು. ಫುಲ್ ಎಂದು ಬದಲಿಸಲು ಎರಡು ಕ್ಲಿಕ್ ಸಾಕಾಯಿತು. ಮೂವತ್ತು ಶೀಟುಗಳ ಮರುಮುದ್ರಣಕ್ಕೆ ಕೈಯಿಂದ 9,000ದಷ್ಟು ಹೋಯಿತು.

ಕಾರ್ಡು, ಪೋರ್ಟು ಎರಡೂ ಬದಲಾದಾಗ ವಿಂಡೋಸ್ ನನ್ನ ಮಾನಿಟರನ್ನು ಹೊಸದೆಂದೇ ಎಣಿಸಿ ಹಳೆಯ ಬಣ್ಣದ ಪ್ರೊಫೈಲನ್ನು (ಪರದೆಯ ಬಣ್ಣ ಸರಿಪಡಿಸುವ ಫೈಲನ್ನು) ಕೈಬಿಟ್ಟಿತ್ತು. ಅದನ್ನೇ ಮರಳಿ ಜೋಡಿಸಿ ನೋಡಿದೆ, ಚರ್ಮದ ಬಣ್ಣ ಹಸಿರಿಗೆ ತಿರುಗಿತು. ಪರದೆಯ ಬಣ್ಣ ಅಳೆಯುವ ಗೆಳೆಯರೊಬ್ಬರ ಕ್ಯಾಲಿಬ್ರೇಟರ್ ಸಾಧನವನ್ನು ಒಂದು ದಿನದ ಮಟ್ಟಿಗೆ ತಂದು ಡಿ65 (ಬಿಳಿಯ ಮಾನಕ), ಗಾಮಾ (ನಡುಛಾಯೆಗಳ ಹೊಳಪಿನ ಅಳತೆ) 2.2, ಬೆಳಕು 100 ಕ್ಯಾಂಡೆಲಾ ಇಟ್ಟು ಹೊಸದಾಗಿ ಪ್ರೊಫೈಲ್ ಮಾಡಿಕೊಂಡೆ, ಲ್ಯಾಬಿನಿಂದ ಎರಡು ಪರೀಕ್ಷಾ ಶೀಟು ತರಿಸಿ ಪರದೆಯ ಪಕ್ಕದಲ್ಲಿ ಹಿಡಿದು ನೋಡಿದೆ. ಮೊದಲನೆಯದು ಕೂದಲೆಳೆಯಷ್ಟು ಕೆಂಪಾಗಿತ್ತು. ಎರಡನೆಯದು ಹೊಂದಿತು, ಅಂದು ಸಂಜೆಯೇ ಬಾಕಿಯಿದ್ದ ಆಲ್ಬಮನ್ನು ಮುದ್ರಣಕ್ಕೆ ಕಳಿಸಿದೆ.