ಮೆಚ್ಚಿನ ಆಟಗಾರ ಟ್ರೇಡ್ ಆದಾಗ: ಬೇಸ್‌ಬಾಲ್ ಊರುಗಳಲ್ಲಿರುವ ಕನ್ನಡಿಗರಿಗೆ

2023ರ ನವೆಂಬರ್ 22. ಮರುದಿನ ಥ್ಯಾಂಕ್ಸ್‌ಗಿವಿಂಗ್ ರಜೆ. ಹೋಳಿಗೆಗೆ ಬೇಳೆ ಬೇಯಲು ಇಟ್ಟು ನಿಂತಿದ್ದೆ. ಒಂಬತ್ತು ವರ್ಷದ ಮಗಳು ಫೋನ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಕಣ್ಣು ತುಂಬಿತ್ತು. ನಮ್ಮ ಸಿಯಾಟಲ್ ಮ್ಯಾರಿನರ್ಸ್ ತಂಡ ಯೂಹೇನಿಯೊ ಸುವಾರೆಜ್ ಅವರನ್ನು ಅರಿಝೋನಾ ಡೈಮಂಡ್‌ಬ್ಯಾಕ್ಸ್‌ಗೆ ಕೊಟ್ಟುಬಿಟ್ಟಿತ್ತು. ಬದಲಿಗೆ ಅಲ್ಲಿಂದ ಒಬ್ಬ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಹಾಗೆ), ಒಬ್ಬ ಪಿಚರ್ (ಚೆಂಡು ಎಸೆಯುವವರು) ಬರುತ್ತಿದ್ದರು.

"ಅಮ್ಮಾ, ಅವನನ್ನ ಒಂದು ಮಾತು ಕೇಳಿದ್ರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕ್ರಿಕೆಟ್ ನೋಡಿ ಬೆಳೆದವಳು. ಬೇಸ್‌ಬಾಲ್ ನಮ್ಮ ಮನೆಗೆ ಬಂದದ್ದೇ ಮಗಳ ಕೈ ಹಿಡಿದುಕೊಂಡು. ಇಲ್ಲಿರುವ ನಿಮ್ಮಲ್ಲಿ ಅನೇಕರ ಕಥೆಯೂ ಹೀಗೇ ಅಲ್ವಾ? ಮಗು ಒಬ್ಬ ಆಟಗಾರನನ್ನು ಹಚ್ಚಿಕೊಳ್ಳುತ್ತದೆ. ಅವನ ಹೆಸರಿನ ಜೆರ್ಸಿ ಕೊಡಿಸುತ್ತೀರಿ. ಒಂದು ದಿನ ನೋಡಿದರೆ ಆತ ಬೇರೆ ಊರಿನ ತಂಡದಲ್ಲಿರುತ್ತಾನೆ. ಆ ದಿನ ಮಗುವಿಗೆ ಏನು ಹೇಳಬೇಕು, ಆಮೇಲೆ ಆ ಆಟಗಾರನನ್ನು ಬಿಡದೆ ನೋಡುತ್ತಿರುವುದು ಹೇಗೆ ಅನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಗಳ ಪ್ರಶ್ನೆ. ಇಲ್ಲ, ಕೇಳಬೇಕಾಗಿರಲಿಲ್ಲ. ಐಪಿಎಲ್‌ನಲ್ಲೂ ಟ್ರೇಡ್ ಇದೆ, ಆದರೆ ಅಲ್ಲಿ ಆಟಗಾರ ಒಪ್ಪಬೇಕು. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ತಂಡ ಆಟಗಾರನ ಒಪ್ಪಂದವನ್ನೇ ಇನ್ನೊಂದು ತಂಡಕ್ಕೆ ದಾಟಿಸಬಹುದು. ಸಂಬಳ ಅದೇ, ಉಳಿದ ವರ್ಷಗಳೂ ಅಷ್ಟೇ, ಊರು ಮಾತ್ರ ಬೇರೆ. ಸರ್ಕಾರಿ ನೌಕರರ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಸನದಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳು ಅಪ್ಪನಿಗೆ ವರ್ಗವಾಯಿತು ಅಂತ ಒಂದೇ ವಾರದಲ್ಲಿ ರಾಯಚೂರಿಗೆ ಹೋದ ಹಾಗೆ. ಮಗಳಿಗೆ ನಾನು ಕೊನೆಗೆ ಹೀಗೇ ಹೇಳಿದೆ. ಅವಳ ತಾತನಿಗೂ ಮೂರು ಸಲ ವರ್ಗವಾಗಿತ್ತು, ಹಾಗಾಗಿ ಒಪ್ಪಿದಳು.

ಇದನ್ನು ಒಪ್ಪದೆ ಎದುರು ನಿಂತವರೂ ಇದ್ದಾರೆ. ಕರ್ಟ್ ಫ್ಲಡ್ ಹೆಸರನ್ನು ಮಕ್ಕಳಿಗೆ ತಪ್ಪದೆ ಹೇಳಿ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಅವರನ್ನು ಫಿಲಡೆಲ್ಫಿಯಾಕ್ಕೆ ಟ್ರೇಡ್ ಮಾಡಿತು. ಕೊಂಡು ಮಾರುವ ವಸ್ತು ನಾನಲ್ಲ ಅಂತ ಅವರು ಹೋಗಲು ನಿರಾಕರಿಸಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1972ರಲ್ಲಿ 5-3ರಿಂದ ಸೋತರು. ಅಷ್ಟರಲ್ಲಿ ಅವರ ಆಟದ ಬದುಕೂ ಮುಗಿದಿತ್ತು. ಆದರೆ ಆ ಹೋರಾಟ ವ್ಯರ್ಥವಾಗಲಿಲ್ಲ. ಮರುವರ್ಷವೇ ಹೊಸ ನಿಯಮ ಬಂತು. ಮೇಜರ್ ಲೀಗ್‌ನಲ್ಲಿ ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವರನ್ನು ಅವರ ಒಪ್ಪಿಗೆ ಇಲ್ಲದೆ ಟ್ರೇಡ್ ಮಾಡುವ ಹಾಗಿಲ್ಲ. ಇದನ್ನು 'ಟೆನ್ ಅಂಡ್ ಫೈವ್' ಅನ್ನುತ್ತಾರೆ. ಸಿಯಾಟಲ್‌ನ ದೊಡ್ಡ ಹೀರೋ ಕೆನ್ ಗ್ರಿಫಿ ಜೂನಿಯರ್ 2000ದಲ್ಲಿ ಈ ಹಕ್ಕಿನ ಬಲದಿಂದಲೇ ತಮ್ಮ ಊರಾದ ಸಿನ್ಸಿನಾಟಿಗೆ ಹೋದರು. ಕೆಲವು ದೊಡ್ಡ ಆಟಗಾರರು ಒಪ್ಪಂದದಲ್ಲೇ 'ನೋ ಟ್ರೇಡ್' ಷರತ್ತು ಬರೆಸಿಕೊಳ್ಳುತ್ತಾರೆ. ಉಳಿದವರಿಗೆ ಫೋನ್ ಕರೆ ಬರುತ್ತದೆ, ಪೆಟ್ಟಿಗೆ ಕಟ್ಟಬೇಕು.

ಇಷ್ಟು ಚೆನ್ನಾಗಿ ಆಡುವವರನ್ನು ಯಾಕೆ ಬಿಟ್ಟುಕೊಡುತ್ತಾರೆ? ಇದಕ್ಕೆ ಉತ್ತರ ಒಪ್ಪಂದದ ಕೊನೆಯ ವರ್ಷದಲ್ಲಿದೆ. ಆಟಗಾರ ಮೇಜರ್ ಲೀಗ್‌ಗೆ ಬಂದ ಮೇಲೆ ಆರು ವರ್ಷದ ಸೇವೆ ಮುಗಿಯುವ ತನಕ ಹಕ್ಕು ತಂಡದ್ದು. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಹತ್ತಿರವೇ ಇರುತ್ತಾರೆ. 2025ರಲ್ಲಿ ಆ ಕನಿಷ್ಠ 7,60,000 ಡಾಲರ್ ಇತ್ತು. ಆಮೇಲೆ ಚೌಕಾಸಿ ಮಾಡಿ ಸಂಬಳ ಏರಿಸಿಕೊಳ್ಳುವ ವರ್ಷಗಳು. ಆರು ಮುಗಿದ ಮೇಲೆ ಫ್ರೀ ಏಜೆಂಟ್, ಅಂದರೆ ಯಾವ ತಂಡದ ಜೊತೆಗಾದರೂ ಮಾತಾಡಬಹುದು. ಆಗ ತಂಡಕ್ಕೆ ಆಟಗಾರನೂ ಇಲ್ಲ, ಅವನ ಬದಲಿಗೆ ಹೊಸ ಹುಡುಗರೂ ಇಲ್ಲ. ಅದಕ್ಕೇ ಒಂದೆರಡು ವರ್ಷ ಮೊದಲೇ ಕೊಟ್ಟುಬಿಡುತ್ತಾರೆ. ಸಂಬಳದ ಹಣ ಉಳಿಸಲೂ ಕೊಡುತ್ತಾರೆ. ಸುವಾರೆಜ್ ವಿಷಯದಲ್ಲಿ ಬಹಳ ಜನ ಹಾಗೇ ಅರ್ಥ ಮಾಡಿಕೊಂಡರು. 2023ರಲ್ಲಿ 162 ಪಂದ್ಯಗಳಲ್ಲಿ ಒಂದನ್ನೂ ಬಿಡದೆ ಆಡಿದ್ದವರು ಅವರು. ನನಗೆ ಇವತ್ತಿಗೂ ಅದು ಸರಿ ಅನ್ನಿಸಿಲ್ಲ.

ಹಾಗಾಗಿ ಮಗುವಿನ ಮೆಚ್ಚಿನ ಆಟಗಾರನ ಒಪ್ಪಂದ ಯಾವ ವರ್ಷ ಮುಗಿಯುತ್ತದೆ ಅಂತ ಒಮ್ಮೆ ನೋಡಿಟ್ಟುಕೊಳ್ಳಿ. ಜುಲೈ ಕೊನೆ, ಆಗಸ್ಟ್ ಮೊದಲ ದಿನಗಳನ್ನೂ ನೆನಪಿಡಿ. ಸೀಸನ್ ನಡುವಿನ ಟ್ರೇಡ್‌ಗೆ ಆಗಲೇ ಗಡುವು. ತಂಡ ಸೋಲುತ್ತಿದ್ದು, ಒಪ್ಪಂದವೂ ಅದೇ ವರ್ಷ ಮುಗಿಯುತ್ತಿದ್ದರೆ ಮಗುವಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ. ಸುದ್ದಿ ಫೋನಿನಿಂದ ಒಮ್ಮೆಲೇ ಬರುವುದಕ್ಕಿಂತ ಅದು ಎಷ್ಟೋ ವಾಸಿ.

ಬಿಟ್ಟುಹೋದದ್ದಕ್ಕೂ ಕಳಿಸಿದ್ದಕ್ಕೂ ಇಲ್ಲಿನ ಜನ ಬಹಳ ವ್ಯತ್ಯಾಸ ನೋಡುತ್ತಾರೆ. ಅಲೆಕ್ಸ್ ರೋಡ್ರಿಗೆಸ್ ಸಿಯಾಟಲ್‌ನ ಮುದ್ದಿನ ಹುಡುಗ. ಫ್ರೀ ಏಜೆಂಟ್ ಆಗಿ ಟೆಕ್ಸಾಸ್ ರೇಂಜರ್ಸ್‌ಗೆ ಹತ್ತು ವರ್ಷಕ್ಕೆ 25.2 ಕೋಟಿ ಡಾಲರ್‌ಗೆ ಸಹಿ ಹಾಕಿದರು. 2001ರ ಏಪ್ರಿಲ್‌ನಲ್ಲಿ ವಾಪಸ್ ಆಡಲು ಬಂದಾಗ ಜನ ಕೂಗಿ ಅವಮಾನಿಸಿದರು, ನಕಲಿ ನೋಟು ಎಸೆದರು. ಟ್ರೇಡ್ ಆದವರಿಗೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಇಚಿರೊ ಸುಜುಕಿ ಅವರದನ್ನೇ ನೋಡಿ. ಹನ್ನೊಂದೂವರೆ ಸೀಸನ್ ಇಲ್ಲಿ ಆಡಿದ ಮೇಲೆ ಟ್ರೇಡ್ ಮಾಡಿ ಅಂತ ತಾವೇ ಕೇಳಿಕೊಂಡಿದ್ದರು. 2012ರ ಜುಲೈ 23ರಂದು ಅವರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟರು. ಯಾಂಕೀಸ್ ಅವತ್ತು ಸಿಯಾಟಲ್‌ನಲ್ಲೇ ಇತ್ತು! ಹಿಂದಿನ ದಿನದವರೆಗೆ ಮ್ಯಾರಿನರ್ಸ್ ಅಂಗಿಯಲ್ಲಿದ್ದವರು ಆ ಸಂಜೆ ಎದುರು ತಂಡದ ಅಂಗಿ ತೊಟ್ಟು, 51ರ ಬದಲು 31ನೇ ನಂಬರಿನಲ್ಲಿ ಅದೇ ಮೈದಾನಕ್ಕೆ ಇಳಿದರು. ಬ್ಯಾಟ್ ಹಿಡಿದು ಬಂದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ಅವರು ಹೆಲ್ಮೆಟ್ ತೆಗೆದು ಬಾಗಿ ವಂದಿಸಿದರು. ಆಮೇಲೆ ನಮ್ಮ ಪಿಚರ್‌ಗೇ ಹೊಡೆದರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಬೇರೆ ತಂಡದವರಿಗೆ ಚಪ್ಪಾಳೆ ತಟ್ಟಿದರೆ ನಮ್ಮ ತಂಡಕ್ಕೆ ದ್ರೋಹ ಅಲ್ವಾ ಅಂತ ಮಕ್ಕಳು ಕೇಳುತ್ತಾರೆ. ಅಲ್ಲ. 2025ರ ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ಡೆಲ್ಲಿ ಪರವಾಗಿ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ಸುತ್ತು ಗೆರೆ ಎಳೆದು ಇದು ನನ್ನ ನೆಲ ಅಂತ ತೋರಿಸಿದರಲ್ಲ, ಅವತ್ತು ಸೋತದ್ದು ಆರ್‌ಸಿಬಿ. ಆದರೂ ಎಷ್ಟು ಮನೆಗಳಲ್ಲಿ ಒಳಗೊಳಗೇ ಖುಷಿಪಟ್ಟರು! ಅದೇ ಪ್ರೀತಿ ಇದು.

ಈಗ ನೋಡುವ ವಿಚಾರ. ಎಂಎಲ್‌ಬಿ ಟಿವಿಯ (ಮೇಜರ್ ಲೀಗ್‌ ಬೇಸ್‌ಬಾಲ್‌ನದೇ ಆನ್‌ಲೈನ್ ಪ್ರಸಾರ) ಚಂದಾ ತೆಗೆದುಕೊಂಡರೆ ದೂರದ ತಂಡಗಳ ಪಂದ್ಯಗಳು ಹೆಚ್ಚೂಕಡಿಮೆ ಎಲ್ಲವೂ ಸಿಗುತ್ತವೆ. ನಿಮ್ಮ ಊರಿನ ತಂಡದ ಪಂದ್ಯ ಮಾತ್ರ ಆ ಚಂದಾದಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ದಾರಿ ಹಿಡಿಯಬೇಕು. ಇದನ್ನು ಬ್ಲ್ಯಾಕ್‌ಔಟ್ ಅನ್ನುತ್ತಾರೆ. ದುಡ್ಡು ಕಟ್ಟುವ ಮೊದಲು ನಿಮ್ಮ ಜಿಪ್ ಕೋಡ್ ಹಾಕಿ ಯಾವ ತಂಡಗಳು ಬರುವುದಿಲ್ಲ ಅಂತ ನೋಡಿ. ಆಟಗಾರ ದೂರ ಹೋದ ಮೇಲೆ ಮನೆಯಲ್ಲಿ ಅವರ ಆಟ ನೋಡುವುದು ನಮಗೆ ಸುಲಭವಾಯಿತು. ಬೇಸಿಗೆಯಲ್ಲಿ ಫೀನಿಕ್ಸ್‌ಗೂ ಸಿಯಾಟಲ್‌ಗೂ ಗಡಿಯಾರ ಒಂದೇ, ಯಾಕೆಂದರೆ ಅರಿಝೋನಾ ಗಡಿಯಾರ ಮುಂದಕ್ಕೆ ತಿರುಗಿಸುವುದಿಲ್ಲ. ಊಟದ ಹೊತ್ತಿಗೆ ಸರಿಯಾಗಿ ಸುವಾರೆಜ್ ಬ್ಯಾಟಿಂಗ್. 2025ರ ಏಪ್ರಿಲ್ 26ರಂದು ಅವರು ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಹಾಗೆ, ಚೆಂಡು ಗೋಡೆಯಾಚೆ) ಹೊಡೆದರು. ಅವರ ತಂಡ ಸೋತಿತು, ಆದರೂ ನಮ್ಮ ಮನೆಯಲ್ಲಿ ಹಬ್ಬ. ಎಂಎಲ್‌ಬಿ ಆ್ಯಪ್‌ನಲ್ಲಿ ಆಟಗಾರನ ಹೆಸರನ್ನು ಮೆಚ್ಚಿನವರ ಪಟ್ಟಿಗೆ ಸೇರಿಸಿದರೆ ಸುದ್ದಿ ತಾನಾಗಿಯೇ ಬರುತ್ತದೆ.

ಅವರು ನಿಮ್ಮ ಊರಿಗೆ ಆಡಲು ಬರುವುದು ಯಾವಾಗ? ಇದರ ಲೆಕ್ಕ ಗೊತ್ತಿದ್ದರೆ ಮಗುವಿಗೆ ದಿನಾಂಕವನ್ನೇ ಹೇಳಬಹುದು. ಒಟ್ಟು 30 ತಂಡ, ಎರಡು ಲೀಗ್, ಪ್ರತಿ ಲೀಗ್‌ನಲ್ಲಿ ಮೂರು ಡಿವಿಷನ್. ಆಟಗಾರ ನಿಮ್ಮದೇ ಡಿವಿಷನ್‌ನ ತಂಡಕ್ಕೆ ಹೋದರೆ ವರ್ಷಕ್ಕೆ 13 ಪಂದ್ಯ, ಅದರಲ್ಲಿ ಆರೋ ಏಳೋ ನಿಮ್ಮ ಊರಲ್ಲಿ. ಅದೇ ಲೀಗ್‌ನ ಬೇರೆ ಡಿವಿಷನ್‌ಗೆ ಹೋದರೆ ಆರೋ ಏಳೋ ಪಂದ್ಯ, ವರ್ಷಕ್ಕೊಮ್ಮೆ ಬರುತ್ತಾರೆ. ಇನ್ನೊಂದು ಲೀಗ್‌ಗೆ ಹೋದರೆ ಸಾಮಾನ್ಯವಾಗಿ ವರ್ಷಕ್ಕೆ ಮೂರೇ ಪಂದ್ಯ, ಒಂದು ವರ್ಷ ಅಲ್ಲಿ, ಮುಂದಿನ ವರ್ಷ ಇಲ್ಲಿ. ಈ ಏರ್ಪಾಡು ಬಂದದ್ದು 2023ರಲ್ಲಿ. ಅದಕ್ಕೆ ಮೊದಲು ಇನ್ನೂ ಕಷ್ಟ ಇತ್ತು. ಮೂಕಿ ಬೆಟ್ಸ್ ಅವರನ್ನು ಬಾಸ್ಟನ್ ರೆಡ್ ಸಾಕ್ಸ್ 2020ರ ಫೆಬ್ರವರಿಯಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್‌ಗೆ ಕೊಟ್ಟಿತು. ಅವರು ಮತ್ತೆ ಬಾಸ್ಟನ್‌ನಲ್ಲಿ ಆಡಲು ಬಂದದ್ದು 2023ರ ಆಗಸ್ಟ್ 25ಕ್ಕೆ. ಮೂರೂವರೆ ವರ್ಷ ಕಾದ ಜನ ಎದ್ದು ನಿಂತು ಸ್ವಾಗತಿಸಿದರು.

ಆ ದಿನ ಮೈದಾನಕ್ಕೆ ಹೋಗಲೇಬೇಕು. ಗೇಟ್ ತೆರೆಯುತ್ತಿದ್ದ ಹಾಗೇ ಒಳಗೆ ಹೋಗಿ. ಊರಿನ ತಂಡದ ಅಭ್ಯಾಸ ಮುಗಿದ ಮೇಲೆ ಬಂದವರ ಅಭ್ಯಾಸ ಇರುತ್ತದೆ. ಸಿಯಾಟಲ್‌ನ ಟಿ-ಮೊಬೈಲ್ ಪಾರ್ಕ್‌ನಲ್ಲಿ ಬಂದ ತಂಡ ಕೂರುವುದು ಮೂರನೇ ಬೇಸ್ ಕಡೆ, ಅಂದರೆ ಬ್ಯಾಟರ್ ಹಿಂದಿನಿಂದ ನೋಡಿದರೆ ಎಡಗಡೆ. ಹಳೆಯ ಜೆರ್ಸಿ ಹಾಕಿದ ಮಗು ಅಲ್ಲಿ ಬೇಲಿ ಪಕ್ಕ ನಿಂತರೆ ಆಟಗಾರ ಗಮನಿಸುವ ಸಾಧ್ಯತೆ ಜಾಸ್ತಿ. ಹಳೆಯ ಜೆರ್ಸಿಯನ್ನು ದಯವಿಟ್ಟು ಯಾರಿಗೂ ಕೊಟ್ಟುಬಿಡಬೇಡಿ. ಇಲ್ಲಿ ಹೊರಗಿನ ತಿಂಡಿ ಒಯ್ಯಲು ಬಿಡುತ್ತಾರೆ. ನಾವು ಚಿತ್ರಾನ್ನ ಒಯ್ಯುತ್ತೇವೆ. ಬೇರೆ ಊರುಗಳ ನಿಯಮ ಮೊದಲೇ ನೋಡಿಕೊಳ್ಳಿ, ಬ್ಯಾಗಿನ ಅಳತೆಯನ್ನೂ ನೋಡಿ.

ಮುಖ್ಯವಾದ ಗಳಿಗೆ ಅವರ ಮೊದಲ ಬ್ಯಾಟಿಂಗ್. ಆಗ ಯಾರೂ ತಿಂಡಿ ತರಲು ಎದ್ದು ಹೋಗಬೇಡಿ. 2023ರಿಂದ ಪ್ರತಿ ಎಸೆತಕ್ಕೂ ಗಡಿಯಾರ ಇದೆ, ಹಾಗಾಗಿ ಚಪ್ಪಾಳೆಗೆ ಸಿಗುವುದು ಕೆಲವೇ ಕ್ಷಣ. ಆ ವರ್ಷ ಕೋಡಿ ಬೆಲಿಂಜರ್ ಶಿಕಾಗೋ ತಂಡದ ಜೊತೆ ತಮ್ಮ ಹಳೆಯ ಲಾಸ್ ಏಂಜಲಿಸ್ ಮೈದಾನಕ್ಕೆ ಬಂದರು. ಜನರಿಗೆ ವಂದಿಸುತ್ತಾ ನಿಂತದ್ದಕ್ಕೆ ತಡವಾಯಿತು ಅಂತ ಒಂದು ಸ್ಟ್ರೈಕ್ ದಂಡ ಹಾಕಿದರು (ಮೂರು ಸ್ಟ್ರೈಕ್ ಆದರೆ ಔಟ್). ಆ ನಿಯಮ ಮಾಡಿದವರು ಇಂಥ ಗಳಿಗೆಗೆ ಸ್ವಲ್ಪ ಜಾಗ ಬಿಡಬೇಕಿತ್ತು.

ಸುವಾರೆಜ್ 2024ರ ಏಪ್ರಿಲ್‌ನಲ್ಲಿ ಅರಿಝೋನಾ ಅಂಗಿಯಲ್ಲಿ ಸಿಯಾಟಲ್‌ಗೆ ಬಂದರು. ಜನ ಪ್ರೀತಿಯಿಂದ ಬರಮಾಡಿಕೊಂಡರು. ಮಗಳು ಹಳೆಯ ಜೆರ್ಸಿಯಲ್ಲಿ, ಗಂಟಲು ಕಟ್ಟುವಷ್ಟು ಕೂಗಿದಳು. ಆಮೇಲೆ ಯಾರೂ ಎಣಿಸದ್ದು ನಡೆಯಿತು. 2025ರ ಜುಲೈ ಕೊನೆಯಲ್ಲಿ, ಗಡುವಿಗೆ ಒಂದು ದಿನವೂ ಉಳಿದಿಲ್ಲದಾಗ, ಮ್ಯಾರಿನರ್ಸ್ ಮೂವರು ಯುವ ಆಟಗಾರರನ್ನು ಕೊಟ್ಟು ಅವರನ್ನು ವಾಪಸ್ ಕರೆಸಿಕೊಂಡಿತು. ಬಂದ ಮೇಲೆ ಬ್ಯಾಟ್ ಸರಿಯಾಗಿ ನಡೆಯಲಿಲ್ಲ. ಆದರೂ ಜನ ಅವರ ಬೆನ್ನಿಗೆ ನಿಂತರು. ಅಕ್ಟೋಬರ್ 17ರಂದು, ಅಮೆರಿಕನ್ ಲೀಗ್ ಪ್ರಶಸ್ತಿಗಾಗಿ ಟೊರಾಂಟೊ ವಿರುದ್ಧ ನಡೆದ ಏಳು ಪಂದ್ಯಗಳ ಸರಣಿಯ ಐದನೇ ಪಂದ್ಯ, ಎಂಟನೇ ಇನ್ನಿಂಗ್ಸ್, ಸ್ಕೋರ್ ಸಮ, ಮೂರೂ ಬೇಸ್‌ನಲ್ಲಿ ನಮ್ಮವರು. ಸುವಾರೆಜ್ ಚೆಂಡನ್ನು ಬಲಗಡೆಯ ಗೋಡೆಯಾಚೆ ಕಳಿಸಿದರು. ಗ್ರ್ಯಾಂಡ್ ಸ್ಲ್ಯಾಮ್, ಒಂದೇ ಹೊಡೆತಕ್ಕೆ ನಾಲ್ಕು ರನ್. ನಮ್ಮ ಮನೆಯಲ್ಲಿ ಎಲ್ಲರೂ ಅಳುತ್ತಿದ್ದೆವು, ಬೇಸ್‌ಬಾಲ್ ಅಂದರೆ ಏನಂತ ಗೊತ್ತಿಲ್ಲದೆ ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯೂ ಸೇರಿ.

ದೀಪಾವಳಿಯ ದಿನ, 20ರಂದು, ಏಳನೇ ಪಂದ್ಯವನ್ನು ಟೊರಾಂಟೊದಲ್ಲಿ 4-3ರಿಂದ ಸೋತೆವು. ಸೀಸನ್ ಮುಗಿಯಿತು, ಸುವಾರೆಜ್ ಅವರ ಒಪ್ಪಂದವೂ ಮುಗಿಯಿತು. 2025ರ ನವೆಂಬರ್‌ನಲ್ಲಿ ಅವರು ಫ್ರೀ ಏಜೆಂಟ್ ಆದರು. ಮಗಳಿಗೆ ಆಗ ಹನ್ನೊಂದು. ಕಾಗದದ ಮೇಲೆ 30 ತಂಡಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ಆ ತಂಡ ಸಿಯಾಟಲ್‌ಗೆ ಬರುವ ವರ್ಷವನ್ನು ತುಂಬುತ್ತಾ ಕೂತಿದ್ದಳು.