ಒಸಡಲ್ಲಿ ರಕ್ತ ಬರ್ತಿದ್ರೆ ಬ್ರಶ್ ಮಾಡೋದು ಹೇಗೆ

ಉಗುಳಿದಾಗ ರಕ್ತ ಕಂಡ್ರೆ ತುಂಬಾ ಜನ ಆ ಜಾಗ ಬಿಟ್ಟು ಉಳಿದ ಕಡೆ ಉಜ್ತಾರೆ. ಪೂರ್ತಿ ಉಲ್ಟಾ ಕೆಲ್ಸ ಅದು, ರಕ್ತ ಬರೋ ಜಾಗಾನೇ ಮೊದ್ಲು ಕ್ಲೀನ್ ಆಗ್ಬೇಕು.

ಯಾಕಂದ್ರೆ ಹಲ್ಲು ಒಸಡು ಸೇರೋ ಸಂದೀಲಿ ಪ್ಲೇಕ್ ಅನ್ನೋ ಅಂಟಂಟು ಪದರ ಕೂತ್ರೆ, ಗಾಳಿ ಸಿಗದ ಆ ಮೂಲೆಲಿ ಪೋರ್ಫಿರೋಮೊನಾಸ್ ಜಿಂಜಿವಾಲಿಸ್ ಥರದ ಬ್ಯಾಕ್ಟೀರಿಯಾ ಬೆಳೀತವೆ, ಅವುಗಳ ಹೊರಪದರದಲ್ಲಿರೋ ಎಲ್‌ಪಿಎಸ್ ಅನ್ನೋ ವಸ್ತುನ ಒಸಡಿನ ಜೀವಕೋಶದ ಮೇಲೆ ಕಾವಲುಗಾರರ ಥರ ಇರೋ ಟೋಲ್ ರಿಸೆಪ್ಟರ್‌ಗಳು ಗುರುತು ಹಿಡೀತವೆ, ಹಿಡಿದ್ಮೇಲೆ ಕೋಶದೊಳಗೆ ಎನ್‌ಎಫ್ ಕಪ್ಪಾ ಬಿ ಅನ್ನೋ ಸ್ವಿಚ್ ಆನ್ ಆಗಿ ಇಂಟರ್‌ಲ್ಯೂಕಿನ್ 6, 8, ಟಿಎನ್‌ಎಫ್ ಅನ್ನೋ ಸಂದೇಶದ ಪ್ರೋಟೀನ್‌ಗಳೆಲ್ಲಾ ಹೊರಗೆ ಬರುತ್ತೆ. ಇವನ್ನ ಅಪಾಯದ ಸೈರನ್ ಅನ್ಕೊಳ್ಳಿ. ರಕ್ತನಾಳ ಹಿಗ್ಗುತ್ತೆ, ಬಿಳಿ ರಕ್ತಕಣ ನುಗ್ತವೆ, ಒಸಡು ಕೆಂಪಾಗಿ ಊದ್ಕೊಳುತ್ತೆ. ಬೇಜಾರಿನ ವಿಷ್ಯ ಏನಂದ್ರೆ ಈ ಗಲಾಟೇಲಿ ನಮ್ಮ ಕೋಶಗಳೇ ಬಿಡೋ ಕಿಣ್ವ ಒಸಡನ್ನ ಗಟ್ಟಿಯಾಗಿ ಹಿಡಿದಿಡೋ ನಮ್ಮದೇ ಕೊಲ್ಯಾಜೆನ್ ನಾರನ್ನ ಕರಗಿಸುತ್ತೆ, ವರ್ಷಗಟ್ಲೆ ಬಿಟ್ರೆ ಹಲ್ಲು ಹಿಡ್ಕೊಂಡಿರೋ ಮೂಳೆನೂ ಹೋಗುತ್ತೆ. ಮತ್ತೆ ಆ ಬ್ಯಾಕ್ಟೀರಿಯಾಗೆ ಬೇಕಾದ ಕಬ್ಬಿಣ ಸಿಗೋದು ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹೀಮ್‌ನಿಂದ, ಸೋರಿದಷ್ಟೂ ಅದಕ್ಕೆ ಹಬ್ಬ.

ಸಾಫ್ಟ್ ಬ್ರಶ್ ತಗೊಳ್ಳಿ. ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಇಟ್ಟು, ಒತ್ತದೆ ಅಲ್ಲಲ್ಲೇ ಸಣ್ಣದಾಗಿ ಅಲುಗಾಡ್ಸಿ, ಒಟ್ಟು 2 ನಿಮಿಷ, ಬೆಳಿಗ್ಗೆ ರಾತ್ರಿ ಎರಡೂ ಹೊತ್ತು. ಹಲ್ಲಿನ ಮಧ್ಯೆ ಬ್ರಶ್ ಹೋಗಲ್ಲ, ಅಲ್ಲಿಗೆ ಫ್ಲಾಸ್ (ಹಲ್ಲಿನ ಸಂದಿಗೆ ಹಾಕೋ ದಾರ) ಅಥವಾ ಸಂದಿಗಂತಲೇ ಇರೋ ಪುಟ್ಟ ಇಂಟರ್‌ಡೆಂಟಲ್ ಬ್ರಶ್ಶೇ ಬೇಕು, ಸೇಫ್ಟಿ ಪಿನ್ ಹಾಕ್ಬೇಡಿ ದಯವಿಟ್ಟು. ಮೊದ್ಲು ಸ್ವಲ್ಪ ದಿನ ರಕ್ತ ಬಂದೇ ಬರುತ್ತೆ, ಬಿಡ್ಬೇಡಿ. 1965ರಲ್ಲಿ ಹರಾಲ್ಡ್ ಲೋ ಅನ್ನೋ ಒಸಡಿನ ಸಂಶೋಧಕರ ತಂಡ ಡೆನ್ಮಾರ್ಕಲ್ಲಿ ಒಸಡು ಚೆನ್ನಾಗಿದ್ದ 12 ಜನಕ್ಕೆ ಹಲ್ಲುಜ್ಜೋದು ನಿಲ್ಸೋಕೆ ಹೇಳಿತ್ತು, ಮೂರು ವಾರದೊಳಗೆ ಎಲ್ಲರಿಗೂ ಒಸಡು ಊತ, ಮತ್ತೆ ಉಜ್ಜೋಕೆ ಶುರು ಮಾಡಿದ್ಮೇಲೆ ಸುಮಾರು ಒಂದೇ ವಾರಕ್ಕೆ ಸರಿಹೋಯ್ತು.

ಆದ್ರೆ ಗಟ್ಟಿಯಾಗಿ ಕಲ್ಲಿನ ಥರ ಕೂತ ಟಾರ್ಟರ್ ಯಾವ ಪೇಸ್ಟಿಗೂ ಬರಲ್ಲ, ಹಲ್ಲಿನ ಡಾಕ್ಟ್ರು ಮಾಡೋ ಸ್ಕೇಲಿಂಗ್ ಅನ್ನೋ ಕ್ಲೀನಿಂಗೇ ಆಗ್ಬೇಕು. ಕ್ಲೀನಿಂಗ್ ಮಾಡ್ಸಿದ್ರೆ ಹಲ್ಲು ಸಡಿಲ ಆಗುತ್ತೆ ಅಂತಾರಲ್ಲ, ಮೂಳೆ ಮೊದ್ಲೇ ಹೋಗಿರುತ್ತೆ, ಟಾರ್ಟರ್ ತೆಗೆದಾಗ ಗೊತ್ತಾಗುತ್ತೆ ಅಷ್ಟೇ. ಡಾಕ್ಟ್ರ ಹತ್ರ ಒಸಡಿನ ಪಾಕೆಟ್ (ಹಲ್ಲಿಗೂ ಒಸಡಿಗೂ ಮಧ್ಯದ ಸಂದಿಯ ಆಳ) ಅಳತೆ ಕೇಳಿ, 3 ಮಿಲಿಮೀಟರ್‌ವರೆಗೆ ಪರ್ವಾಗಿಲ್ಲ, 4 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಮನೇಲಿ ಉಜ್ಜೋದಷ್ಟೇ ಸಾಲಲ್ಲ. ಶುಗರ್ ಇದ್ರೆ ಅದನ್ನೂ ಹೇಳಿ. ಸಿಗರೇಟ್ ಸೇದೋರು ರಕ್ತ ಬರ್ತಿಲ್ಲ ಅಂತ ಸುಮ್ನಿರ್ಬೇಡಿ, ಸಿಗರೇಟಿಂದ ಒಸಡಲ್ಲಿ ರಕ್ತ ಕಾಣೋದೇ ಕಮ್ಮಿ ಆಗುತ್ತೆ, ಒಳಗೆ ಮೂಳೆ ಹೋಗ್ತಾನೇ ಇರ್ಬೋದು, ಹಂಗಾಗಿ ನೀವು ಅಳತೆ ಮಾಡ್ಸ್ಲೇಬೇಕು.