ಮಂಡಿ ಮೃದ್ವಸ್ಥಿಯ ಎಂಆರ್‌ಐ: ಅಳತೆಗೆ ಒದಗುವ ಚಿತ್ರ ತೆಗೆಯುವುದು ಹೇಗೆ?

ಮಂಡಿಯೊಳಗಿನ ಮೃದ್ವಸ್ಥಿ (ಮೂಳೆಗಳ ತುದಿಗೆ ಹೊದ್ದ ನುಣುಪು ಪದರ) ಬಹುತೇಕ ಕಡೆ ಎರಡು-ಮೂರು ಮಿಲಿಮೀಟರಿಗಿಂತ ದಪ್ಪವಿರುವುದಿಲ್ಲ. ಅದು ವರ್ಷಕ್ಕೆ ಎಷ್ಟು ಸವೆಯಿತು ಎಂದು ಹುಡುಕುವವರಿಗೆ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ದೊಡ್ಡದೇ. ಆದರೆ ನೋಡಲು ಚೆಂದವಿದ್ದು, ಅಳೆಯಲು ಕೂತಾಗ ಕೈಕೊಡುವ ಸ್ಕ್ಯಾನ್‌ಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ಕೆಡಿಸಿದ್ದು ಯಂತ್ರವಲ್ಲ, ಸೆಟ್ಟಿಂಗ್.

ಹಂತ 1: ಸ್ಕ್ಯಾನ್‌ಗೆ ಬಂದವರನ್ನು ಅರ್ಧ ಗಂಟೆ ಸುಮ್ಮನೆ ಕೂರಿಸಿ. ಓಡಿ ಬಂದ ಮಂಡಿಯಲ್ಲಿ ಮೃದ್ವಸ್ಥಿ ತುಸು ನೀರು ಬಿಟ್ಟುಕೊಟ್ಟು ತೆಳುವಾಗಿರುತ್ತದೆ.

ಹಂತ 2: ಮಂಡಿಗೆಂದೇ ಮಾಡಿದ ಕಾಯಿಲ್ (ಸಿಗ್ನಲ್ ಹಿಡಿಯುವ ಸಾಧನ) ಹಾಕಿ, ಸಂದಿಗಳಿಗೆ ಸ್ಪಂಜು ತುರುಕಿ. ಬೇಗ ಮುಗಿಯುತ್ತದೆಂದು ಸುತ್ತುವ ಕಾಯಿಲ್ ಬಳಸುವ ಅಡ್ಡದಾರಿ ಬೇಡ. 3 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಯಂತ್ರದ ಮೋಹವೂ ಅಷ್ಟೇ: ಸಡಿಲ ಕಾಯಿಲ್‌ನ 3 ಟೆಸ್ಲಾಕ್ಕಿಂತ ಬಿಗಿಯಾಗಿ ಕೂತ ಕಾಯಿಲ್‌ನ 1.5 ಟೆಸ್ಲಾವನ್ನೇ ನಾನು ಆರಿಸುವುದು.

ಹಂತ 3: ಫೇಸ್ ದಿಕ್ಕು ನಿರ್ಧರಿಸಿ. ಯಂತ್ರ ಚಿತ್ರದ ಒಂದು ದಿಕ್ಕಿನ ಸ್ಥಾನಗಳನ್ನು ಸಿಗ್ನಲ್‌ನ ಫೇಸ್‌ನಿಂದ, ಅದಕ್ಕೆ ಅಡ್ಡ ದಿಕ್ಕಿನವನ್ನು ಫ್ರೀಕ್ವೆನ್ಸಿಯಿಂದ (ಆವರ್ತನದಿಂದ) ಗುರುತಿಸುತ್ತದೆ. ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ.

ಮಂಡಿಯ ಹಿಂಭಾಗದಲ್ಲಿ ದಪ್ಪ ಅಪಧಮನಿಯೊಂದು ಮಿಡಿಯುತ್ತಿರುತ್ತದೆ. ಆ ಮಿಡಿತದ ಸುಳ್ಳು ನೆರಳುಗಳು ಯಾವಾಗಲೂ ಫೇಸ್ ದಿಕ್ಕಿನಲ್ಲೇ ಸಾಲಾಗಿ ಬೀಳುತ್ತವೆ. ಪಕ್ಕದಿಂದ ಸೀಳಿದಂತೆ ಕಾಣುವ ಸ್ಯಾಜಿಟಲ್ ಚಿತ್ರದಲ್ಲಿ ಫೇಸ್ ಅನ್ನು ಮುಂದು-ಹಿಂದಿನ ದಿಕ್ಕಿಗೆ ಇಟ್ಟರೆ ನೆರಳುಗಳೆಲ್ಲ ನೇರ ಕೀಲಿನ ಮೇಲೆ ಹರಡುತ್ತವೆ. ತಲೆಯಿಂದ ಪಾದದ ದಿಕ್ಕಿಗೆ ತಿರುಗಿಸಿದರೆ ಅವು ರಕ್ತನಾಳದ ಉದ್ದಕ್ಕೇ ಉಳಿಯುತ್ತವೆ.

ಇದರಿಂದ ಇನ್ನೊಂದು ಲಾಭವೂ ಇದೆ. ಮಜ್ಜೆಯ ಕೊಬ್ಬು ಮತ್ತು ಮೃದ್ವಸ್ಥಿಯ ನೀರು ಒಂದೇ ಆವರ್ತನದಲ್ಲಿ ಉಲಿಯುವುದಿಲ್ಲ; 3 ಟೆಸ್ಲಾದಲ್ಲಿ ಅವುಗಳ ನಡುವಿನ ಅಂತರ ಸುಮಾರು 440 ಹರ್ಟ್ಸ್. ಬ್ಯಾಂಡ್‌ವಿಡ್ತ್ (ಯಂತ್ರ ಓದುವ ಆವರ್ತನಗಳ ಹರವು) ಪಿಕ್ಸೆಲ್‌ಗೆ 220 ಹರ್ಟ್ಸ್ ಇದ್ದರೆ ಕೊಬ್ಬು ಎರಡು ಪಿಕ್ಸೆಲ್ ಸರಿಯುತ್ತದೆ. ಪಿಕ್ಸೆಲ್ 0.4 ಮಿಲಿಮೀಟರಿನದಾದರೆ ಸರಿದದ್ದು 0.8 ಮಿಲಿಮೀಟರು! ಈ ಸರಿತ ಫ್ರೀಕ್ವೆನ್ಸಿ ದಿಕ್ಕಿನಲ್ಲಿ ಆಗುವುದರಿಂದ, ಆ ದಿಕ್ಕು ಮೇಲಿಂದ ಕೆಳಗಿದ್ದರೆ ತೊಡೆಮೂಳೆ, ಕಣಕಾಲ ಮೂಳೆಗಳ ಮೃದ್ವಸ್ಥಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಎಂದು ಸುಳ್ಳು ಹೇಳುತ್ತದೆ. ಫೇಸ್ ಅನ್ನು ತಲೆ-ಪಾದದ ದಿಕ್ಕಿಗಿಟ್ಟರೆ ಆ ಕಾಟ ತಪ್ಪುತ್ತದೆ. ಮಂಡಿಚಿಪ್ಪಿನ ಮೃದ್ವಸ್ಥಿಗೆ ಮಾತ್ರ ಉಳಿಯುತ್ತದೆ. ಅದಕ್ಕಾಗಿ ಕೊಬ್ಬಿನ ಸಿಗ್ನಲ್ ಅಡಗಿಸಿ, ಬ್ಯಾಂಡ್‌ವಿಡ್ತ್ ಹಿಗ್ಗಿಸಿ. ಬ್ಯಾಂಡ್‌ವಿಡ್ತ್ ಇಮ್ಮಡಿಸಿದರೆ ನಾಯ್ಸ್ ಸುಮಾರು 1.4 ಪಟ್ಟು ಏರುತ್ತದೆ ಎಂಬುದು ನೆನಪಿರಲಿ.

ದಂಡವೂ ಉಂಟು. ತೊಡೆ, ಕಣಕಾಲುಗಳು ಚಿತ್ರದ ಆಚೆಯಿಂದ ಮಡಚಿಕೊಂಡು ಒಳಗೆ ಬರುತ್ತವೆ. ಫೇಸ್ ಓವರ್‌ಸ್ಯಾಂಪ್ಲಿಂಗ್ (ಆ ದಿಕ್ಕಿನಲ್ಲಿ ಚಿತ್ರದ ಆಚೆಗೂ ಅಳೆಯುವುದು) ಹಾಕಲೇಬೇಕು, ಸಮಯ ಹೆಚ್ಚುತ್ತದೆ. ಆ ಸಮಯ ಉಳಿಸಲು ಫೇಸ್ ಮ್ಯಾಟ್ರಿಕ್ಸ್ (ಆ ದಿಕ್ಕಿನಲ್ಲಿ ತೆಗೆಯುವ ಅಳತೆಗಳ ಎಣಿಕೆ) ತಗ್ಗಿಸುವವರಿದ್ದಾರೆ. ದಯವಿಟ್ಟು ಬೇಡ: ಮೃದ್ವಸ್ಥಿಯ ನಡುವೆ ಇಲ್ಲದ ಕಪ್ಪು ಗೆರೆಯೊಂದು ಮೂಡುತ್ತದೆ, ಅದನ್ನೇ ಪದರವೆಂದು ಬರೆದುಬಿಡುತ್ತಾರೆ.

ಹಂತ 4: ಪಿಕ್ಸೆಲ್ ಗಾತ್ರ. 0.3ರಿಂದ 0.5 ಮಿಲಿಮೀಟರು ಸಾಕು. ಎರಡೂ ಬದಿ ಅರ್ಧಕ್ಕೆ ಇಳಿಸಿದರೆ ಸಿಗ್ನಲ್ ನಾಲ್ಕನೇ ಒಂದಕ್ಕೆ ಕುಸಿಯುತ್ತದೆ; ಆವರೇಜ್ (ಅದೇ ಅಳತೆಯನ್ನು ಮತ್ತೆ ಮತ್ತೆ ತೆಗೆದು ಸರಾಸರಿ ಮಾಡುವ ಸಲ) ಇಮ್ಮಡಿಸಿದರೂ ಮರಳುವುದು 1.4 ಪಟ್ಟು ಮಾತ್ರ. ಪರದೆಯ ಮೇಲಿನ 512 ಎಂಬ ಪಿಕ್ಸೆಲ್ ಎಣಿಕೆ ನಂಬಬೇಡಿ. 256ರಲ್ಲಿ ತೆಗೆದು ಹಿಗ್ಗಿಸಿದ್ದಿರಬಹುದು. ಗಡಿಗಳನ್ನು ಹರಿತಗೊಳಿಸುವ ಫಿಲ್ಟರ್‌ಗಳನ್ನಂತೂ ಬಂದ್ ಮಾಡಿಯೇ ಇಡಿ. ನುಣುಪು ಚಿತ್ರಕ್ಕಿಂತ ಸ್ವಲ್ಪ ಮರಳುಮರಳಾದ ನಿಜಚಿತ್ರವೇ ಅಳತೆಗೆ ಮೇಲು.

ಹಂತ 5: ಟಿ2 (ಸಿಗ್ನಲ್ ಆರಿಹೋಗಲು ಹಿಡಿಯುವ ಕಾಲ) ನಕ್ಷೆ ಬೇಕಿದ್ದರೆ ಹಲವು ಎಕೋಗಳನ್ನು (ಮರಳಿ ಬರುವ ಸಿಗ್ನಲ್‌ಗಳನ್ನು) ತೆಗೆದು, ಲೆಕ್ಕದಿಂದ ಮೊದಲನೆಯದನ್ನು ಬಿಡಿ. ಕಾಂತಕ್ಷೇತ್ರಕ್ಕೆ 55 ಡಿಗ್ರಿಯ ಆಸುಪಾಸಿನಲ್ಲಿ ಬಾಗಿದ ಮೃದ್ವಸ್ಥಿಯ ನಾರುಗಳ ಕಡೆ ಟಿ2 ತಾನಾಗಿ ಏರುತ್ತದೆ. ತೊಡೆಮೂಳೆಯ ತಿರುವಿನಲ್ಲಿ ಕಾಣುವ ಹೊಳಪನ್ನೆಲ್ಲ ರೋಗವೆನ್ನಬೇಡಿ.

ಹಂತ 6: ಮಲಗಿದವರು ಏಳುವ ಮೊದಲೇ ಚಿತ್ರ ದೊಡ್ಡದು ಮಾಡಿ ನೋಡಿ. ಮುಂದಿನ ಸಲವೂ ಅದೇ ಯಂತ್ರ, ಅದೇ ಕಾಯಿಲ್, ಅದೇ ಸೆಟ್ಟಿಂಗ್. ನಡುವೆ ಸಾಫ್ಟ್‌ವೇರ್ ಬದಲಾಗಿದ್ದರೆ ಮೊದಲು ಫ್ಯಾಂಟಮ್ (ಯಂತ್ರ ಪರೀಕ್ಷಿಸಲು ಇಡುವ ಮಾದರಿ ವಸ್ತು) ಸ್ಕ್ಯಾನ್ ಮಾಡಿ, ಹಳೆಯ ಅಂಕಿಗಳ ಜೊತೆ ತಾಳೆ ನೋಡಿ. ಆಮೇಲೆ ಜನರನ್ನು ಕರೆಯಿರಿ.